ಖಾಲಿ ಕಚ್ಚು

ನವೆಂಬರ್ ೭, ಗುರುವಾರ

ಮಗಳೇ,

ಇವತ್ತು ಗುರುವಾರ, ಉಪವಾಸ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ನೀರು ತುಂಬಿ, ದೇವರ ಮುಂದೆ ದೀಪ ಹಚ್ಚಿ, ಬಟ್ಟೆ ಒಗೆದು ನಿನ್ನಪ್ಪನ ಹುಟ್ಟಿನ ಮೇಲೆ ಹರವಿ ಈಗ ಕೂತಿದ್ದೇನೆ. ಅದೇ, ದೋಣಿಗೆ ಅಂತ ಅವರು ಅರ್ಧ ಕೆತ್ತಿಟ್ಟು ಹೋದ ಹುಟ್ಟು. ನಡುಮನೆಯಲ್ಲಿ ಎರಡು ಹಗ್ಗ ಕಟ್ಟಿ ಅಡ್ಡ ತೂಗುಹಾಕಿದ್ದೇನಲ್ಲ, ಅದು. ಹೊರಗೆ ಹರವಿದರೆ ಉಪ್ಪುಗಾಳಿಗೆ ಬಟ್ಟೆ ಅಂಟಂಟಾಗುತ್ತೆ. ಒಳಗೆ ನಿಧಾನ, ಆದರೆ ಒಣಗುತ್ತೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನೂ ಸುಮ್ಮನಿರುತ್ತೀಯ, ನಾನೂ ಸುಮ್ಮನಿರುತ್ತೇನೆ. ಆಮೇಲೆ ಇಬ್ಬರೂ ‘ಸರಿ, ಇಡ್ತೀನಿ’ ಅಂತೀವಿ.

ದೋಣಿಗಾರರ ಸಂಘ ಮುಚ್ಚಿತು. ಕ್ರೇನು ಬಂದ ಮೇಲೆ ದೋಣಿಯವರಿಗೆ ಕೆಲಸವೇನಿದೆ? ಬಾಗಿಲು ಹಾಕೋಣ ಅಂದರೆ ಕೈಜೋಡಿಸುವುದಕ್ಕೂ ಜನ ಇಲ್ಲ ಅಂತ ಕಾರ್ಯದರ್ಶಿ ನಗಾಡಿದರು. ಈಗ ಊರಿನ ಇತಿಹಾಸ ಸಮಿತಿಯವರು ಸಂಘದ ಮನೆಯನ್ನು ಮ್ಯೂಸಿಯಂ ಮಾಡುತ್ತಾರಂತೆ. ಒಂದು ಪುಸ್ತಕವನ್ನೂ ತರುತ್ತಾರಂತೆ, ಈ ಊರನ್ನು ಯಾರು ಯಾರು ಕಟ್ಟಿದರು ಅಂತ. ಅದಕ್ಕೆ ಸಮಿತಿಯ ಮೇಷ್ಟ್ರು ಮೊನ್ನೆ ಮನೆಗೆ ಬಂದಿದ್ದರು. ರಿಟೈರ್ ಆದವರು, ಒಳ್ಳೆಯವರು. ಚಪ್ಪಲಿ ಹೊರಗೆ ಬಿಟ್ಟು ಬಂದರು.

“ನಿಮ್ಮ ಮಾವನವರು ಸಂಘ ಕಟ್ಟಿದವರಲ್ಲಿ ಮೊದಲಿಗರು. ಹೇಗಿದ್ದರು ಅಮ್ಮ ಅವರು?” ಅಂದರು.

“ಗಟ್ಟಿ ಧ್ವನಿ. ಸ್ನಾನದ ನೀರು ಆರಿದ್ರೆ ಇಡೀ ಬೀದಿಗೆ ಗೊತ್ತಾಗೋದು” ಅಂದೆ.

“ಅದಲ್ಲಮ್ಮ, ಊರಿಗೇನು ಮಾಡಿದರು ಅಂತ.”

ನನಗೆ ಗೊತ್ತಿದ್ದಷ್ಟು ಹೇಳಿದೆ. ದಡದಲ್ಲಿ ಹಡಗು ತಂಗುವ ಧಕ್ಕೆ ಕಟ್ಟುವ ಮೊದಲು ಅವು ದೂರದಲ್ಲೇ ನಿಲ್ಲುತ್ತಿದ್ದವು, ಈ ಊರಿಗೆ ಬಂದದ್ದೆಲ್ಲ ದೋಣಿಯವರ ಕೈ ದಾಟಿಯೇ ಬಂದದ್ದು. ಆಸ್ಪತ್ರೆಯ ಮಂಚಗಳು, ಶಾಲೆಯ ಗಂಟೆ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ಮೊದಲನೇ ಡಾಕ್ಟರು. ಪೇಟೆ ಗಡಿಯಾರವನ್ನು ಎರಡು ದೋಣಿ ಜೋಡಿಸಿ, ಹುಲ್ಲು ಹಾಸಿ, ಬಸುರಿಯನ್ನು ಕರೆತಂದಹಾಗೆ ತಂದರಂತೆ. ಇದನ್ನೆಲ್ಲ ಮೇಷ್ಟ್ರು ಬರೆದುಕೊಂಡರು.

ಆಮೇಲೆ ಗೋಡೆಯ ಬಗ್ಗೆ ಕೇಳಿದರು. ನಿನಗೆ ಗೊತ್ತಿರುವುದೇ, ಆದರೂ ಅವರಿಗೆ ಹೇಳಿದಹಾಗೆ ಬರೆಯುತ್ತೇನೆ. ಆಗಿನ ಹಡಗು ಕಂಪನಿಯವರು ದೋಣಿ ಮಗುಚಿದರೆ ಜನರನ್ನು ಹುಡುಕುತ್ತಿರಲಿಲ್ಲ. ಕೆಲಸ ಬಿಟ್ಟು ಓಡಿಹೋದ ಅಂದುಬಿಡೋರು, ಇಲ್ಲ ಸತ್ತ ಅಂದು ಆ ದಿನವೇ ಬೇರೆಯವನನ್ನು ಹಾಕಿಕೊಳ್ಳೋರು. ಅದಕ್ಕೇ ಮಾವ ಸಂಘದ ಮನೆಯ ಗೋಡೆಗೆ ಉದ್ದಕ್ಕೆ ಮರದ ಪಟ್ಟಿ ಹೊಡೆಸಿ ಒಬ್ಬೊಬ್ಬನಿಗೆ ಒಂದೊಂದು ಕಚ್ಚು ಕೊರೆಸಿದರು. ಬೆಳಿಗ್ಗೆ ತನ್ನ ಹುಟ್ಟು ತೆಗೆದುಕೊಂಡು ಹೋಗಬೇಕು, ಸಂಜೆ ಬಂದು ತನ್ನ ಕಚ್ಚಿನಲ್ಲಿ ನಿಲ್ಲಿಸಬೇಕು. ದೀಪ ಹಚ್ಚುವ ಹೊತ್ತಿಗೆ ಯಾವುದಾದರೂ ಕಚ್ಚು ಖಾಲಿ ಇದ್ದರೆ ಗಂಟೆ ಹೊಡೆಯುವುದು, ಎಲ್ಲ ದೋಣಿಗಳೂ ಹುಡುಕಲು ಹೊರಡುವುದು. ಸಿಗದೇ ಹೋದವನ ಕಚ್ಚು ಖಾಲಿಯೇ ಇರಬೇಕು. ಅವನ ಮನೆಯವಳು ತಾನಾಗಿ ಒಂದು ಹುಟ್ಟು ತಂದು ತನ್ನ ಕೈಯಾರೆ ಅದರಲ್ಲಿ ಇಡುವ ತನಕ ಸಂಘದಲ್ಲಿ ಯಾರೂ ಅವನನ್ನು ಸತ್ತವನು ಅನ್ನಕೂಡದು. ‘ಕಂಪನಿಯವನು ಅಂದ್ರೆ ಸಾಯಲ್ಲ, ಮನೆಯವಳು ಅಂದ್ರೇ ಸಾಯೋದು’ ಅನ್ನುತ್ತಿದ್ದರು ಮಾವ.

“ಈಗ ಗೋಡೆಯಲ್ಲಿ ಒಂದೇ ಒಂದು ಖಾಲಿ ಇದೆ” ಅಂದರು ಮೇಷ್ಟ್ರು.

“ಅದು ನಮ್ಮದು. ಅದನ್ನ ಹಾಗೇ ಬಿಟ್ಟುಬಿಡಿ” ಅಂದೆ. ಆಗಲಿ ಅಂದು ಅದನ್ನೂ ಬರೆದುಕೊಂಡರು.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ನೋಡದವರನ್ನು ಹೇಗೆ ಕೇಳುವುದೋ ಗೊತ್ತಿಲ್ಲ, ಆದರೂ ಹೇಳು.

ಇಂತಿ,
ನಿನ್ನ ಅಮ್ಮ

*

ನವೆಂಬರ್ ೨೬

ಅಮ್ಮಾ,

ನಿನ್ನ ಕಾಗದ ಬಂದು ವಾರವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಬರೆದರೆ ಸುಳ್ಳಾಗುತ್ತೆ. ಕನ್ನಡಕದ ಅಂಗಡಿಗೆ ಎಷ್ಟು ಜನ ಬಂದಾರು? ಬಂದವರ ಕಣ್ಣಿಗೆ ಗಾಜು ಬದಲಿಸುತ್ತಾ ‘ಈಗ ಕಾಣುತ್ತಾ? ಈಗ?’ ಅಂತ ಕೇಳುವುದು ನನ್ನ ಕೆಲಸ. ನಿನ್ನನ್ನು ಹಾಗೆ ಕೇಳುವುದಕ್ಕೆ ನನಗೆ ಧೈರ್ಯ ಬಂದಿಲ್ಲ, ಅದಕ್ಕೇ ತಡ.

ಅಪ್ಪ ಹೋದಾಗ ನಾನು ಎಂಟನೇ ಕ್ಲಾಸು. ಗಾಳಿಯ ದಿನ ಹಡಗಿಗೆ ಹಗ್ಗ ಕೊಡಲು ಹೋದವರ ದೋಣಿ ಮಗುಚಿ ಬಂತು, ಅವರು ಬರಲಿಲ್ಲ. ಆ ವರ್ಷ ದಿನಾ ಶಾಲೆ ಬಿಟ್ಟ ಮೇಲೆ ಗೋಡೆ ನೋಡಿಕೊಂಡೇ ಮನೆಗೆ ಬರುತ್ತಿದ್ದೆ. ನಿನಗೆ ಹೇಳಿರಲಿಲ್ಲ. ಮರುವರ್ಷ ಬೇರೆ ದಾರಿಯಲ್ಲಿ ಬರಲು ಶುರುಮಾಡಿದೆ. ಅದನ್ನೂ ಹೇಳಿರಲಿಲ್ಲ.

ಮದುವೆಯ ಕಾಗದದಲ್ಲಿ ಅಪ್ಪನ ಹೆಸರಿನ ಹಿಂದೆ ‘ದಿವಂಗತ’ ಅಂತ ಹಾಕಿಸಿದೆ ಅಂತ ನೀನು ಬರಲಿಲ್ಲ. ಹಾಕದಿದ್ದರೆ ಬಂದವರೆಲ್ಲ ‘ಅಪ್ಪ ಎಲ್ಲಮ್ಮ?’ ಅಂತ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತು ಎಷ್ಟು ಜನಕ್ಕೆ ಉತ್ತರ ಹೇಳಲಿ? ಕೊನೆಗೆ ಅವರು ‘ಅಮ್ಮ ಎಲ್ಲಿ?’ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಅಚ್ಚುಹಾಕಿಸಿದ ಉತ್ತರ ಇರಲಿಲ್ಲ.

ಒಂದು ಹುಟ್ಟು ಇಟ್ಟುಬಿಡಮ್ಮ. ಸಂಘವೇ ಮುಚ್ಚಿದ ಮೇಲೆ ಇನ್ನು ಯಾರು ಗಂಟೆ ಹೊಡೆಯುತ್ತಾರೆ?

ಇವರು ನಿನ್ನನ್ನು ಕೇಳಿದರು. ಇವರಿಗೂ ಹೇಗೆ ಕೇಳುವುದೋ ಗೊತ್ತಿಲ್ಲ.

ನಿನ್ನ ಮಗಳು

*

ಡಿಸೆಂಬರ್ ೧೨, ಗುರುವಾರ

ಮಗಳೇ,

ಬಾಗಿಲು, ನೀರು, ದೀಪ, ಬಟ್ಟೆ, ಎಲ್ಲ ಆಯಿತು. ಉಪವಾಸ ಅಲ್ಲವಾ, ಒಲೆಯ ಕೆಲಸವಿಲ್ಲ.

ನೀನು ಬರೆದದ್ದು ಓದಿದೆ. ಮತ್ತೆ ಓದಿದೆ. ಮಡಚಿಟ್ಟೆ.

ಟಾರ್ಪಾಲಿನ್ ಅಂಗಡಿಯಲ್ಲಿ ಈ ತಿಂಗಳು ಲಾರಿಗಳ ಹೊದಿಕೆ ಹೊಲಿಯುತ್ತಿದ್ದೇವೆ. ಅಂಚು ಮಡಚಿ ಒಳಗೆ ಹಗ್ಗ ಇಟ್ಟು ಹೊಲಿಯುವುದು ನನ್ನ ಪಾಲಿಗೆ. ಮಿಷನ್ನಿಗೆ ಆ ದಪ್ಪ ಹಿಡಿಯುವುದಿಲ್ಲ, ಕೈಯಲ್ಲೇ ಆಗಬೇಕು. ಬೆರಳಿಗೆ ಸೂಜಿ ಚುಚ್ಚಿದ್ದು ಮನೆಗೆ ಬಂದು ಪಾತ್ರೆ ತೊಳೆಯುವಾಗ ಗೊತ್ತಾಗುತ್ತೆ. ಮೊದಲು ಹೀಗಿರಲಿಲ್ಲ. ಮೊದಲು ಅಂದರೆ ಯಾವಾಗ ಅಂತ ಯೋಚಿಸಿದೆ, ನೆನಪಾಗಲಿಲ್ಲ.

ಹಗ್ಗದ ಅಂಗಡಿಯ ಅಕ್ಕ ನಿನ್ನನ್ನು ಕೇಳುತ್ತಿದ್ದಳು. “ಮಗಳು ಬಸುರಿಯಂತಾ?” ಅಂದಳು. “ನನಗೇನೂ ಬರೆದಿಲ್ಲ” ಅಂದೆ. “ನಿಮ್ಮಿಬ್ಬರದು ಯಾವ ಸೀಮೆಯ ಕಾಗದವೇ, ಬೇಕಾದ್ದೊಂದು ಬಿಟ್ಟು ಎಲ್ಲ ಬರ್ಕೊಳ್ತೀರಿ” ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ.

ಮ್ಯೂಸಿಯಂ ಕೆಲಸ ಜೋರಾಗಿ ನಡೆದಿದೆ. ಗೋಡೆಗೆ ಸುಣ್ಣ, ಹುಟ್ಟುಗಳಿಗೆ ಎಣ್ಣೆ. ಮಾವನ ಫೋಟೋ ದೊಡ್ಡದು ಮಾಡಿಸಿ ಬಾಗಿಲ ಎದುರಿಗೆ ಹಾಕಿದ್ದಾರೆ. ದೊಡ್ಡದು ಮಾಡಿದಾಗ ಅವರ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡದ್ದು ಕಾಣುತ್ತೆ. ಊರು ಕಟ್ಟಿದವರು, ಗುಂಡಿ ನೋಡಿಕೊಳ್ಳಲಿಲ್ಲ. ನಿಮ್ಮಜ್ಜಿ ಬದುಕಿದ್ದರೆ ಫೋಟೋದ ಒಳಗೆ ಕೈಹಾಕಿ ಸರಿಮಾಡುತ್ತಿದ್ದಳು.

ಫೆಬ್ರವರಿ ಎರಡಕ್ಕೆ ಬಾಗಿಲು ತೆರೆಯುತ್ತಾರಂತೆ. ನೀನು ಬರೆದದ್ದಕ್ಕೆ ಏನು ಹೇಳಲಿ ಅಂತ ದೇವರ ಮುಂದೆ ಕೂತೆ. ದೀಪ ಚೆನ್ನಾಗಿ ಉರಿಯಿತು. ಅಷ್ಟೇ.

ಇಂತಿ,
ಅಮ್ಮ

*

ಜನವರಿ ೯, ಗುರುವಾರ

ಮಗಳೇ,

ಹಗ್ಗದ ಅಕ್ಕ ನಿನಗೆ ಫೋನ್ ಮಾಡಿ ಏನೇನು ಹೇಳಿದ್ದಾಳೋ. ನಡೆದದ್ದನ್ನು ನಾನೇ ಬರೆಯುತ್ತೇನೆ.

ಸೋಮವಾರ ಅಂಗಡಿಯಲ್ಲಿ ಕೂತು ಅಂಚು ಹೊಲಿಯುತ್ತಿದ್ದೆ. ಅಕ್ಕ ಓಡುತ್ತಾ ಬಂದಳು. ತನ್ನ ಅಂಗಡಿಗೆ ಬಾಗಿಲೂ ಹಾಕಿರಲಿಲ್ಲ. ಬಂದವಳೇ ನನ್ನ ತಲೆ ತಬ್ಬಿಕೊಂಡಳು. ಸೂಜಿ ಕೈಯಲ್ಲೇ ಇತ್ತು.

“ಕೊನೆಗೂ ಮನಸ್ಸು ಮಾಡಿದೆಯಲ್ಲೇ. ಒಬ್ಬಳೇ ಹೋಗಿ ಇಟ್ಟು ಬಂದೆಯಾ? ನನ್ನ ಕರೀಬಾರದಿತ್ತಾ?”

“ಎಲ್ಲಿಗೆ? ಏನಿಟ್ಟೆ?”

“ಹುಟ್ಟು ಕಣೇ. ನಿಮ್ಮ ಕಚ್ಚಲ್ಲಿ ಹುಟ್ಟಿದೆ. ದೋಣಿಯವರೆಲ್ಲ ನೋಡಿಕೊಂಡು ಬಂದ್ರು.”

ನಾನಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಯ ಯಜಮಾನರು ಮಿಷನ್ ನಿಲ್ಲಿಸಿದರು. ಅವರು ಯಾವುದಕ್ಕೂ ಮಿಷನ್ ನಿಲ್ಲಿಸಿದವರಲ್ಲ. ಎದ್ದು ನಿಂತು, “ಹೋಗಮ್ಮ, ಮನೆಗೆ ಹೋಗು, ಇವತ್ತು ಕೆಲಸ ಬೇಡ” ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ಮನೆಗೆ ಬಂದರೆ ಜಗಲಿ ತುಂಬ ಜನ. ಹಳೆಯ ದೋಣಿಯವರು, ಅವರ ಹೆಂಡಂದಿರು, ನಡೆಯಲಾಗದವರನ್ನೂ ಕೈಹಿಡಿದು ಕರೆತಂದಿದ್ದರು. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ನಾನು ಚಹಾಕ್ಕೆ ನೀರಿಟ್ಟೆ. ಲೋಟ ಸಾಲದೆ ಕುಡಿದವರದ್ದು ತೊಳೆದು ತೊಳೆದು ಮತ್ತೆ ಕೊಟ್ಟೆ. ಹೇಳಬೇಕು, ಈಗ ಹೇಳಬೇಕು ಅಂದುಕೊಳ್ಳುತ್ತಲೇ ಲೋಟ ತೊಳೆದೆ.

ಬೋಳಣ್ಣ ಗೊತ್ತಲ್ಲ ನಿನಗೆ, ಆ ಗಾಳಿಯ ದಿನ ಎರಡನೇ ದೋಣಿಯಲ್ಲಿದ್ದವನು. ಅವನು ನೆಲ ನೋಡುತ್ತಾ ಹೇಳಿದ: “ಅತ್ತಿಗೆ, ನಿಮ್ಮನ್ನ ಕಂಡಾಗಲೆಲ್ಲ ‘ಏನಾದ್ರೂ ಸುದ್ದಿ ಬಂತಾ’ ಅಂತಿದ್ದೆ. ಬಂದಿರಲ್ಲ ಅಂತ ಗೊತ್ತು. ಕೇಳದೇ ಇದ್ರೆ ತಪ್ಪಾಗುತ್ತೆ ಅಂತ ಕೇಳ್ತಿದ್ದೆ. ದೂರದಲ್ಲಿ ನೀವು ಬರೋದು ಕಂಡ್ರೆ ಒಂದೊಂದು ಸಲ ಸಂದಿಗೆ ತಿರುಗಿಬಿಡ್ತಿದ್ದೆ. ಇನ್ನು ಕೇಳೋದು ಬೇಡ ಅಲ್ವಾ?”

ನನ್ನ ಕೈಯಲ್ಲಿ ಲೋಟಗಳಿದ್ದವು. ಅವನು ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೊಡ್ಡ ಗಂಡಸು. ಅವನು ಅತ್ತದ್ದು ನೋಡಿ ಉಳಿದವರೂ ಅತ್ತರು. ನನಗೂ ಬರುತ್ತೇನೋ ಅಂತ ಕಾದೆ. ಬರಲಿಲ್ಲ.

ಆಮೇಲೆ ಯಾರೋ ನಿನ್ನಪ್ಪನ ಮಾತು ತೆಗೆದರು. ನಮ್ಮ ಮದುವೆಗೆ ಮೊದಲಿನ ಮಾತಂತೆ. ಒಂದು ದಿನ ಹುಟ್ಟಿಗೆ ಬಿರುಕು ಬಿಟ್ಟಿತು ಅಂತ ಮಧ್ಯಾಹ್ನವೇ ಅದನ್ನು ಹೊತ್ತುಕೊಂಡು ಮನೆಗೆ ಬಂದಿದ್ದಾರೆ, ಸಂಘಕ್ಕೆ ಹೇಳುವುದು ಮರೆತಿದ್ದಾರೆ. ಸಂಜೆ ಕಚ್ಚು ಖಾಲಿ. ಗಂಟೆ ಹೊಡೆದರು. ಇವರು ಗಂಟೆ ಕೇಳಿ, ‘ಅಯ್ಯೋ ಯಾರಿಗೇನಾಯ್ತೋ’ ಅಂತ ಓಡಿಬಂದು, ಇನ್ಯಾರದೋ ಹುಟ್ಟು ಹಿಡಿದು ದೋಣಿ ಹತ್ತಿದ್ದಾರೆ. ಸಮುದ್ರದ ಮಧ್ಯೆ ಹೋದ ಮೇಲೆ ಪಕ್ಕದವನನ್ನು, “ಅಂದಹಾಗೆ ಯಾರನ್ನ ಹುಡುಕ್ತಿರೋದು?” ಅಂತ ಕೇಳಿದರಂತೆ. ಪಕ್ಕದವನು ತಿರುಗಿ ನೋಡಿ ತಲೆಗೆ ಸುತ್ತಿಗೆ ಬಿದ್ದಹಾಗೆ ಕೂತುಬಿಟ್ಟನಂತೆ.

ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾವ ಮಗನಿಗೆ ಆ ದಿನ ಬೈದದ್ದು ಧಕ್ಕೆಯ ತುದಿಗೆ ಕೇಳಿಸಿತಂತೆ. ಈ ಕಥೆ ನನಗೆ ಗೊತ್ತೇ ಇರಲಿಲ್ಲ ಮಗಳೇ. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಅಂತ ಕೇಳಿದೆ. “ಹೇಗೆ ಹೇಳೋದು ಅತ್ತಿಗೆ? ಇರೋರ ಥರ ಹೇಳಿದ್ರೆ ಸುಳ್ಳು, ಇಲ್ಲದೋರ ಥರ ಹೇಳೋ ಹಾಗಿರಲಿಲ್ಲ” ಅಂದ ಬೋಳಣ್ಣ.

ಅವರೆಲ್ಲ ಹೋದ ಮೇಲೆ ಲೋಟ ಒರೆಸಿ ಇಟ್ಟೆ. ನಾನು ಇಟ್ಟದ್ದಲ್ಲ ಅಂತ ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸಂಘದ ಮನೆಗೆ ಹೋದೆ. ಮೇಷ್ಟ್ರು ಇರಲಿಲ್ಲ, ಬಡಗಿ ಇದ್ದ. ಹೊರಗಿನವನು, ಪಾಪ. “ಅದಾ? ಹಲ್ಲು ಉದುರಿದ ಬಾಯಿ ಥರ ಕಾಣ್ತಿತ್ತಮ್ಮ. ಮೂಲೇಲಿ ಒಂದು ಬಿದ್ದಿತ್ತು, ಸಿಕ್ಕಿಸಿದೆ” ಅಂದ. ಅವನಿಗೆ ಯಾರೂ ಹೇಳಿರಲಿಲ್ಲ.

ಗೋಡೆಯ ಮುಂದೆ ನಿಂತು ನೋಡಿದೆ. ಚೆನ್ನಾಗಿ ಎಣ್ಣೆ ಹಚ್ಚಿದ ಹುಟ್ಟು. ಯಾರದೋ. ಖಾಲಿಯಾಗಿದ್ದಾಗ ಆ ಕಚ್ಚು ನಿನ್ನಪ್ಪನದಾಗಿತ್ತು. ಈಗ ಅಲ್ಲಿ ಯಾರೋ ನಿಂತಿದ್ದರು.

ಇವತ್ತು ಉಪವಾಸ. ಹಸಿವಿಲ್ಲ, ಹಾಗಾಗಿ ಇದು ಉಪವಾಸವೋ ಅಲ್ಲವೋ ಗೊತ್ತಿಲ್ಲ.

ಇಂತಿ,
ಅಮ್ಮ

*

ಜನವರಿ ೧೬

ಮಾನ್ಯ ಅತ್ತಿಗೆಯವರಿಗೆ,

ದೋಣಿಗಾರರ ಸಂಘದ (ಈಗ ಮುಚ್ಚಿದೆ) ಕಾರ್ಯದರ್ಶಿ (ಈಗಲೂ ಇದ್ದೇನೆ) ಮಾಡುವ ವಂದನೆಗಳು.

ಗೋಡೆಯ ವಿಷಯದಲ್ಲಿ ಆಗಬಾರದ್ದು ಆಗಿದೆ. ಮೇಷ್ಟ್ರು ಬರೆದುಕೊಂಡದ್ದು ಮೇಷ್ಟ್ರ ಹತ್ತಿರವೇ ಉಳಿಯಿತು, ಬಡಗಿಗೆ ಮುಟ್ಟಲಿಲ್ಲ. ಸಮಿತಿಯ ಪರವಾಗಿ ಅವರೂ, ಸಂಘದ ಪರವಾಗಿ ನಾನೂ ಕ್ಷಮೆ ಕೇಳುತ್ತೇವೆ. ನನಗೆ ವಿಷಯ ತಿಳಿಯುವ ಮೊದಲು ನಾನೂ ನಿಮ್ಮ ಜಗಲಿಗೆ ಬಂದು ಎರಡು ಲೋಟ ಚಹಾ ಕುಡಿದು ಅತ್ತು ಹೋದವನೇ.

ಈಗ ಆ ಹುಟ್ಟನ್ನು ತೆಗೆದುಬಿಡೋಣ ಅಂದರೆ ಕೈ ಬರುತ್ತಿಲ್ಲ. ಸಂಘದ ನಿಯಮದಲ್ಲಿ ಇಡುವುದು ಹೇಗೆ ಅಂತ ಇದೆ, ಇಟ್ಟದ್ದನ್ನು ತೆಗೆಯುವುದು ಹೇಗೆ ಅಂತ ಇಲ್ಲ. ನಿಮ್ಮ ಮಾವ ಅದನ್ನು ಯೋಚಿಸಿರಲಿಲ್ಲ. ಪುಸ್ತಕವೂ ಅಚ್ಚಿಗೆ ಹೋಗಬೇಕು. ಅದರಲ್ಲಿ ನಮ್ಮಣ್ಣನ ವಿಷಯ ಒಂದು ಸಾಲು ಖಾಲಿ ಬಿಟ್ಟಿದ್ದಾರೆ, ಏನು ಬರೆಯಲಿ ಅಂತ ಕೇಳುತ್ತಿದ್ದಾರೆ. ನಾನು ಹೇಳುವಂತಿಲ್ಲ.

ತೆಗೆಯುವುದೋ ಬಿಡುವುದೋ, ನಿಮ್ಮ ಉತ್ತರದಂತೆ ಆಗಲಿ. ಯಾರಿಗೂ ಏನೂ ಹೇಳಿಲ್ಲ. ಬೋಳನಿಗಂತೂ ಹೇಳಿಲ್ಲ. ಅವನು ಈಗ ನಿಮ್ಮ ಬೀದಿಯಲ್ಲೇ ಓಡಾಡುತ್ತಿದ್ದಾನಂತೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ

*

ಜನವರಿ ೨೦

ಅಮ್ಮಾ,

ಹಗ್ಗದ ದೊಡ್ಡಮ್ಮ ಆ ಸೋಮವಾರವೇ ಫೋನ್ ಮಾಡಿ, ‘ನಿಮ್ಮಮ್ಮ ಇಟ್ಟುಬಿಟ್ಟಳು’ ಅಂದಿದ್ದರು. ಅಂಗಡಿಯ ಹಿಂದೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆ ಇದೆ, ಅಲ್ಲಿ ಹೋಗಿ ಕೂತೆ. ಅಪ್ಪನಿಗಾಗಿ ಅದೇ ಮೊದಲ ಸಲ ಅತ್ತದ್ದು. ‘ದಿವಂಗತ’ ಅಂತ ಅಚ್ಚುಹಾಕಿಸಿದಾಗಲೂ ಅತ್ತಿರಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ನೀನು ಇಟ್ಟದ್ದಲ್ಲ. ಅತ್ತದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲವಲ್ಲ ಅಮ್ಮ.

ಸಿಟ್ಟು ಬರಲಿಲ್ಲ. ನೀನು ಇಡು ಅಂತ ಇನ್ನು ಹೇಳುವುದಿಲ್ಲ. ನಾನು ಕೇಳಿದ್ದಕ್ಕೆ ಇಟ್ಟರೆ ಅದೂ ಆ ಬಡಗಿ ಇಟ್ಟಹಾಗೇ.

ಅಪ್ಪ ನಡುಮನೆಯ ಆ ಹುಟ್ಟು ಕೆತ್ತುವಾಗ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ‘ನಿನ್ನ ಎರಡರಷ್ಟು ಉದ್ದ ಇರಬೇಕು, ಬೆಳೀಬೇಡ, ಲೆಕ್ಕ ತಪ್ಪುತ್ತೆ’ ಅನ್ನುತ್ತಿದ್ದರು. ನನ್ನ ತಲೆಯ ಮಟ್ಟಕ್ಕೆ ಎಳೆದ ಪೆನ್ಸಿಲಿನ ಗೆರೆ ಇನ್ನೂ ಇದೆಯಾ?

ರಜೆ ಕೇಳಿದ್ದೇನೆ. ಮುಂದಿನ ಮಂಗಳವಾರ ಬರುತ್ತೇನೆ. ಬೇಡ ಅಂತ ನೀನು ಬರೆದರೂ ಆ ಕಾಗದ ಮುಟ್ಟುವ ಮೊದಲು ಬಸ್ಸು ಹತ್ತಿರುತ್ತೇನೆ.

ದೊಡ್ಡಮ್ಮ ಕೇಳಿದ್ದಕ್ಕೆ ಉತ್ತರ: ಹೌದು. ನಾಲ್ಕನೇ ತಿಂಗಳು. ಇವರನ್ನು ಬಿಟ್ಟರೆ ನಿನಗೇ ಮೊದಲು ಹೇಳುತ್ತಿರುವುದು, ಅವರಿಗೆ ಹೇಳಬೇಡ.

ನಿನ್ನ ಮಗಳು

*

ಜನವರಿ ೩೦, ಗುರುವಾರ

ಕಾರ್ಯದರ್ಶಿಯವರಿಗೆ,

ಬಾಗಿಲು ಗುಡಿಸಿದೆ, ನೀರು ತುಂಬಿದೆ, ದೀಪ ಹಚ್ಚಿದೆ. ಮಗಳು ಬಂದಿದ್ದಾಳೆ. ಇವತ್ತು ಗುರುವಾರ ಅಂತ ಅವಳಿಗೆ ನೆನಪಿರಲಿಲ್ಲ, ನನಗೂ ಸೇರಿಸಿ ತಟ್ಟೆ ಹಾಕಿದಳು. ಹಾಕಿದ್ದಾಳಲ್ಲ ಅಂತ ಕೂತು ಊಟ ಮಾಡಿದೆ. ಬಟ್ಟೆ ಹೊರಗೆ ಹರವಿದ್ದೇನೆ. ಅಂಟಾದರೆ ಆಗಲಿ.

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು. ಮೊದಲು, ಅಲ್ಲಿ ಈಗ ಇರುವ ಹುಟ್ಟನ್ನು ತೆಗೆದುಬಿಡಿ. ಅದು ಯಾರದು ಅಂತ ವಿಚಾರಿಸಿ ಅವರ ಮನೆಯವರಿಗೆ ಕೊಡಿ. ಅವರ ಮನೆಯಲ್ಲೂ ಯಾರಾದರೂ ಅದನ್ನು ಹುಡುಕುತ್ತಿರಬಹುದು. ಬಡಗಿಯನ್ನು ಬೈಯಬೇಡಿ.

ತೆಗೆದ ಮೇಲೆ ಖಾಲಿ ಬಿಡುವುದಾ ಅಂತ ತುಂಬ ಯೋಚಿಸಿದೆ. ಖಾಲಿ ಬಿಟ್ಟರೆ ನಾಳೆ ಇನ್ನೊಬ್ಬ ಬಡಗಿ ಬರುತ್ತಾನೆ. ಆಗ ನಮ್ಮದಲ್ಲ ಅನ್ನಲು ನಾನೂ ಇರುವುದಿಲ್ಲ, ನೀವೂ ಇರುವುದಿಲ್ಲ. ಬೋಳಣ್ಣ ಈಗ ದಿನಾ ನಮ್ಮ ಬೀದಿಯಲ್ಲೇ ಹೋಗುತ್ತಾನೆ. ನಿನ್ನೆ ನಿಂತು ಗಾಳಿಯ ಮಾತಾಡಿದ, ಕಸದ ಗಾಡಿಯ ಮಾತಾಡಿದ, ಬೇರೇನೂ ಕೇಳದೆ ಹೋದ. ಅವನನ್ನು ಮತ್ತೆ ಸಂದಿಗೆ ಕಳಿಸುವುದು ನನ್ನಿಂದ ಆಗದು.

ನಡುಮನೆಯಲ್ಲಿ ತೂಗುಹಾಕಿದ್ದ ಅವರ ಹುಟ್ಟನ್ನು ನಿನ್ನೆ ಇಳಿಸಿದೆವು. ಒಂದು ಮುಖ ಕೆತ್ತಿದೆ, ಇನ್ನೊಂದು ಮುಖ ಇನ್ನೂ ಮರವಾಗೇ ಇದೆ. ಅದಕ್ಕೆ ಉಳಿ ಹಚ್ಚಬೇಡಿ, ಎಣ್ಣೆ ಹಚ್ಚಬೇಡಿ. ನಡುವೆ ಒಂದು ಪೆನ್ಸಿಲಿನ ಗೆರೆ ಇದೆ, ಒರೆಸಬೇಡಿ. ಪುಸ್ತಕದ ಸಾಲನ್ನು ಅದು ಕಚ್ಚಿನಲ್ಲಿ ನಿಂತ ಮೇಲೆ ಬರೆಯಲಿ, ಅದಕ್ಕೆ ಮೊದಲು ಬೇಡ. ನಿಯಮ ನಿಮಗೆ ಗೊತ್ತಿದೆ, ಇಡುವುದು ನಾನೇ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬಾಗಿಲ ಪಕ್ಕ ಗೋಡೆಗೆ ಒರಗಿಸಿಟ್ಟಿದೆ. ಅಂಚೆಯಲ್ಲಿ ಹಾಕುವಂಥದ್ದಲ್ಲ. ನಮ್ಮ ಸಂದಿಯ ತಿರುವಿನಲ್ಲಿ ಒಬ್ಬರೇ ಹೊತ್ತು ಹೊರಳಲು ಆಗುವುದಿಲ್ಲ, ಆದ್ದರಿಂದ ಯಾರನ್ನಾದರೂ ಕಳಿಸಿಕೊಡಿ. ಬೋಳಣ್ಣನಾದರೆ ಒಳ್ಳೆಯದು, ಅವನಿಗೆ ವಿಷಯ ನಾನೇ ಹೇಳುತ್ತೇನೆ. ಒಬ್ಬರು ಸಾಕು. ಅವನು ಮುಂದಿನ ತುದಿ ಹಿಡಿಯಲಿ, ಹಿಂದಿನದಕ್ಕೆ ನಾನಿದ್ದೇನೆ. ಮಗಳು ಭಾರ ಎತ್ತುವ ಹಾಗಿಲ್ಲ, ಗೆರೆಯ ಹತ್ತಿರ ಬರಿದೇ ಕೈಯಿಟ್ಟುಕೊಂಡು ಬರುತ್ತಾಳಂತೆ.

ಇಂತಿ,
ನಿಮ್ಮ ಅಣ್ಣನ ಹೆಂಡತಿ